ಬೇರೆಯವರು ಬರೆದ ಚೆಸ್ ಎಂಜಿನ್ ಆಡಿಸುವುದರಲ್ಲಿ ಏನು ಸುಖ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ರಾತ್ರಿಯೆಲ್ಲ ಅದರೊಳಗೆ ಎರಡು ಚೆಸ್ ಎಂಜಿನ್‌ಗಳು ಒಂದರೊಡನೊಂದು ಆಡುತ್ತಿರುತ್ತವೆ. ಎರಡರಲ್ಲಿ ಯಾವುದನ್ನೂ ಬರೆದವನು ನಾನಲ್ಲ. ಇದನ್ನು ತಿಳಿದ ನೆಂಟರು, ಜೊತೆಗೆ ಚಹಾ ಕುಡಿಯುವವರು, ಭಾನುವಾರ ಚೆಸ್ ಕಲಿಯಲು ಬರುವ ಮಕ್ಕಳು, ಅವರ ತಂದೆತಾಯಂದಿರು, ಬೀದರ್ ಮತ್ತು ಯಾದಗಿರಿಯಿಂದ ಪತ್ರ ಬರೆದವರು ಬಿಡದೆ ಕೇಳಿದ ಪ್ರಶ್ನೆಗಳನ್ನು ಒಂದು ಕಡೆ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವಂಥವು ಕೊನೆಗೆ.

## ಮೊದಮೊದಲು ಕೇಳುವವು

ಆಡುವುದು ಕಂಪ್ಯೂಟರ್, ಬರೆದವರು ಇನ್ಯಾರೋ. ನಡುವೆ ನೀವು ಮಾಡುವುದಾದರೂ ಏನು?

ಆಡಿಸುತ್ತೇನೆ. ಎಂಜಿನ್ ಎಂಬುದು ಮಣೆಯೂ ಕಾಯಿಗಳೂ ಇಲ್ಲದ ಒಂದು ಪ್ರೋಗ್ರಾಂ. ಕಾಯಿಗಳು ಎಲ್ಲೆಲ್ಲಿವೆ ಎಂದು ಅಕ್ಷರದಲ್ಲಿ ತಿಳಿಸಿದರೆ ತನ್ನ ನಡೆಯನ್ನು ಅಕ್ಷರದಲ್ಲೇ ಹೇಳುತ್ತದೆ, ಅಷ್ಟೇ. ಯಾವ ಆರಂಭದಿಂದ ಆಡಬೇಕು, ಎಷ್ಟು ಸಮಯ ಕೊಡಬೇಕು, ಎಷ್ಟು ಮೆಮೊರಿ, ಎದುರಾಳಿ ಯಾರು, ಎಷ್ಟು ಆಟ ಎಂಬುದನ್ನೆಲ್ಲ ಹೊರಗಿನಿಂದ ಯಾರಾದರೂ ತೀರ್ಮಾನಿಸಬೇಕು.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮಲ್ಲಿಗೆ ಬರುವ ಒಬ್ಬ ಹುಡುಗ ಕಿಂಗ್ಸ್ ಗ್ಯಾಂಬಿಟ್ ಎಂಬ ಆರಂಭ ಬಿಟ್ಟು ಬೇರೇನನ್ನೂ ಆಡುವುದಿಲ್ಲ. ಎರಡನೆಯ ನಡೆಗೇ ಒಂದು ಪ್ಯಾದೆಯನ್ನು ಎದುರಾಳಿಯ ಬಾಯಿಗೆ ಕೊಡುತ್ತಾನೆ. (ಪುಸ್ತಕದಲ್ಲಿ ಕಾಲಾಳು ಎಂದಿದ್ದರೂ ನಮ್ಮ ಓಣಿಯಲ್ಲಿ ಅದು ಪ್ಯಾದೆ, ಮಂತ್ರಿ ವಜೀರ.) ‘ಸರ್, ಇಬ್ಬರೂ ತಪ್ಪೇ ಮಾಡದಿದ್ದರೆ ಬಿಳಿ ಬದುಕುತ್ತದೆಯೇ?’ ಎಂದು ಕೇಳಿದ. ನಾನು ಉತ್ತರಿಸಲಾರೆ, ನನ್ನ ಆಟ ಆ ಮಟ್ಟದ್ದಲ್ಲ. ಆದರೆ ಪ್ರಶ್ನೆಯನ್ನು ಎಂಜಿನ್‌ಗೆ ಅರ್ಥವಾಗುವಂತೆ ಜೋಡಿಸಬಲ್ಲೆ. ಆ ರಾತ್ರಿ ಜೋಡಿಸಿದೆ. ಬೆಳಗ್ಗೆ ಶಾಲೆಗೆ ಹೋಗುವ ಮೊದಲು ಅವನು ಬಂದು ನಿಂತಿದ್ದ. ಬಿಳಿ ಕೆಲವು ಆಟಗಳಲ್ಲಿ ಸೋತಿತ್ತು, ಬಹಳಷ್ಟರಲ್ಲಿ ಡ್ರಾ ಮಾಡಿಕೊಂಡು ಉಳಿದಿತ್ತು. ಡ್ರಾ ಆದವುಗಳನ್ನು ಮಣೆಯ ಮೇಲೆ ಇಟ್ಟು ನೋಡುತ್ತ ನಾವಿಬ್ಬರೂ ತಿಂಡಿಯನ್ನೇ ಮರೆತೆವು.

ಬೇರೆಯವರ ಎಂಜಿನ್ ಗೆದ್ದರೆ ನಿಮಗೇಕೆ ಇಷ್ಟು ಸಂತೋಷ?

ಕಾರಹುಣ್ಣಿಮೆಯ ಸಂಜೆ ನಮ್ಮ ಹಳ್ಳಿಗಳ ಅಗಸಿಯ ಮುಂದೆ ನಿಂತವರಿಗೆ ಈ ಪ್ರಶ್ನೆ ಹುಟ್ಟುವುದಿಲ್ಲ. ಕೊಂಬಿಗೆ ಬಣ್ಣ ಬಳಿದ ಎತ್ತು ಕರಿ ಹರಿದು ಮುಂದೆ ನುಗ್ಗಿದಾಗ ಕೂಗುವವನು ಆ ಎತ್ತನ್ನು ಹುಟ್ಟಿಸಿದವನಲ್ಲ. ಸಂತೆಯಲ್ಲಿ ಕೊಂಡು ತಂದವನು. ಆದರೆ ಅದರ ಕಾಲಿನ ದೋಷ, ಅದು ಬೆದರುವ ಸದ್ದು, ಓಟದ ದಿನ ಎಷ್ಟು ನೀರು ಕುಡಿಸಬೇಕೆಂಬ ಲೆಕ್ಕ ಅವನಿಗೆ ಗೊತ್ತು. ಊರಿನವರು ಮುಂದೆ ಬಂದ ಎತ್ತಿನ ಬಣ್ಣ ನೋಡಿ ಆ ವರ್ಷದ ಬೆಳೆಯನ್ನು ಊಹಿಸುತ್ತಾರೆ. ಅವನು ಮಾತ್ರ ಎತ್ತನ್ನೇ ನೋಡುತ್ತಿರುತ್ತಾನೆ.

ನನ್ನ ಸಂತೋಷ ಆ ಜಾತಿಯದು. ಗೆಲುವಿಗಿಂತ ಮೊದಲೇ ಅದು ಶುರುವಾಗಿರುತ್ತದೆ. ನಾನು ಕೊಟ್ಟ ಸ್ಥಿತಿಯಿಂದ ನಾನು ಎಣಿಸದ ನಡೆಯೊಂದು ಹೊರಬಂದಾಗ ಆಗುವ ಬೆರಗು ಅದು. ನಾನೇ ಬರೆದ ಎಂಜಿನ್ ಆಗಿದ್ದರೆ ಆ ಬೆರಗು ಹೆಚ್ಚುತ್ತಿತ್ತೋ ಕಡಿಮೆಯಾಗುತ್ತಿತ್ತೋ ಎಂಬುದಕ್ಕೆ ಕೊನೆಯ ಪ್ರಶ್ನೆಯಲ್ಲಿ ಉತ್ತರವಿದೆ.

ಇದು ಇತ್ತೀಚಿನ ಮೊಬೈಲ್ ಕಾಲದ ಹುಚ್ಚೇ?

ಎರಡು ಶತಮಾನ ಹಳೆಯದು. 1770ರಲ್ಲಿ ವೋಲ್ಫ್‌ಗಾಂಗ್ ಫೊನ್ ಕೆಂಪೆಲೆನ್ ವಿಯೆನ್ನಾದ ಅರಮನೆಯಲ್ಲಿ ಚೆಸ್ ಆಡುವ ಗೊಂಬೆಯೊಂದನ್ನು ಪ್ರದರ್ಶಿಸಿದ. ಪೇಟ ಧರಿಸಿದ ಆ ಗೊಂಬೆಗೆ ‘ಟರ್ಕ್’ ಎಂದು ಹೆಸರಾಯಿತು. ಕೆಳಗಿನ ಪೆಟ್ಟಿಗೆಯಲ್ಲಿ ಒಬ್ಬ ಒಳ್ಳೆಯ ಆಟಗಾರ ಅಡಗಿ ಕೂತು ಆಡುತ್ತಿದ್ದ. ಕೆಂಪೆಲೆನ್‌ಗೆ ತನ್ನ ಗೊಂಬೆಯ ಮೇಲೆ ಅಂಥ ಮಮತೆಯೇನೂ ಇರಲಿಲ್ಲ. ಅದರ ಪ್ರದರ್ಶನಕ್ಕಾಗಿ ಬಾಳು ಸವೆಸಿದವನು ಅವನ ಮರಣದ ನಂತರ ಅದನ್ನು ಕೊಂಡ ಯೊಹಾನ್ ಮೆಲ್ಸೆಲ್. ಸಂಗೀತಗಾರರ ತಾಳಮಾಪಕ ಮೆಟ್ರೊನೋಮ್‌ಗೆ ಹೆಸರಾದವನು ಇವನೇ. 1809ರಲ್ಲಿ ನೆಪೋಲಿಯನ್ ಎದುರು ಆ ಗೊಂಬೆಯನ್ನು ಆಡಿಸಿದ, ಮುಂದೆ ಅದನ್ನು ಹೊತ್ತು ಅಮೆರಿಕದ ಊರೂರು ಸುತ್ತಿದ. ತಾನು ಮಾಡದ ಚೆಸ್ ಯಂತ್ರವನ್ನು ಆಡಿಸುತ್ತ ಬದುಕಿದವರಲ್ಲಿ ನಾನು ಹಿರಿಯನೆಂದು ಎಣಿಸುವುದು ಅವನನ್ನೇ, ಯಂತ್ರದೊಳಗೆ ಮನುಷ್ಯನಿದ್ದ ಎಂಬುದು ನಿಜವಾದರೂ.

1952ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ಮಾಡಿದ್ದು ಇದರ ತಿರುವು ಮುರುವು. ಅವರ ಬಳಿ ಪ್ರೋಗ್ರಾಂ ಇತ್ತು, ಅದನ್ನು ಓಡಿಸಬಲ್ಲ ಕಂಪ್ಯೂಟರ್ ಇರಲಿಲ್ಲ. ತಾವೇ ಕಂಪ್ಯೂಟರ್ ಆದರು. ಕಾಗದದ ಮೇಲೆ ಒಂದೊಂದು ನಡೆಯ ಲೆಕ್ಕ ಹಾಕುತ್ತ, ನಡೆಗೆ ಸುಮಾರು ಅರ್ಧ ಗಂಟೆ ತೆಗೆದುಕೊಂಡು, ಅಲಿಕ್ ಗ್ಲೆನಿ ಎಂಬ ಸಹೋದ್ಯೋಗಿಯ ಎದುರು ಆಡಿ 29 ನಡೆಗಳಲ್ಲಿ ಸೋತರು. ಪ್ರೋಗ್ರಾಂ ಹೇಳಿದ ನಡೆ ತಮಗೆ ಸರಿ ಕಾಣದಿದ್ದರೂ ಅದನ್ನೇ ಇಡಬೇಕು ಎಂಬ ಶಿಸ್ತು ಅಲ್ಲಿತ್ತು. ಆಡಿಸುವವರಿಗೆ ಇಂದಿಗೂ ಅದೇ ಮೊದಲ ನಿಯಮ.

ಎಷ್ಟು ಖರ್ಚು?

ಎಂಜಿನ್‌ಗೆ ಏನೂ ಇಲ್ಲ. ಸ್ಟಾಕ್‌ಫಿಶ್, ಲೀಲಾ ಚೆಸ್ ಝೀರೋ ಎರಡೂ ಉಚಿತ. ಮಣೆ ತೋರಿಸುವ ಅರೀನಾ, ಕ್ಯೂಟ್ ಚೆಸ್ ಕೂಡ ಉಚಿತ. ಆಂಡ್ರಾಯ್ಡ್ ಮೊಬೈಲ್ ಇದ್ದರೆ ಡ್ರಾಯ್ಡ್‌ಫಿಶ್ ಎಂಬ ಆ್ಯಪ್ ಸಾಕು. ಉಳಿದದ್ದು ಕರೆಂಟು. 100 ವ್ಯಾಟ್ ಎಳೆಯುವ ಕಂಪ್ಯೂಟರ್ ಹತ್ತು ಗಂಟೆ ಓಡಿದರೆ ಒಂದು ಯೂನಿಟ್.

ಒಬ್ಬರ ಎಂಜಿನ್ ಇನ್ನೊಬ್ಬರ ಮಣೆಯಲ್ಲಿ ಹೇಗೆ ಓಡುತ್ತದೆ?

ಎಲ್ಲರೂ ಒಂದೇ ಭಾಷೆ ಒಪ್ಪಿಕೊಂಡಿರುವುದರಿಂದ. 2000ನೇ ಇಸವಿಯ ನವೆಂಬರ್‌ನಲ್ಲಿ ರುಡಾಲ್ಫ್ ಹೂಬರ್ ಮತ್ತು ಸ್ಟೆಫಾನ್ ಮೆಯರ್ ಕಾಹ್ಲೆನ್ ಯುಸಿಐ ಎಂಬ ಸಂವಹನ ನಿಯಮಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಮಣೆಯ ಪ್ರೋಗ್ರಾಂ ‘ಪೊಸಿಷನ್’ ಎಂದು ಸ್ಥಿತಿ ಹೇಳಿ ‘ಗೋ’ ಎನ್ನುತ್ತದೆ. ಎಂಜಿನ್ ಯೋಚಿಸಿ ‘ಬೆಸ್ಟ್‌ಮೂವ್’ ಎಂದು ನಡೆ ಹೇಳುತ್ತದೆ. ಇದಕ್ಕೂ ಮೊದಲು ಟಿಮ್ ಮನ್ ಅವರ ವಿನ್‌ಬೋರ್ಡ್ ಇದೇ ಕೆಲಸ ಮಾಡುತ್ತಿತ್ತು. ಪ್ರೋಗ್ರಾಮಿಂಗ್ ಬಾರದವರಿಗೂ ಬಾಗಿಲು ತೆರೆದದ್ದು ಈ ಸರಳ ಮಾತುಕತೆ.

## ಕೈ ಹಚ್ಚಿದವರು ಕೇಳುವವು

ಎರಡೂ ಅಷ್ಟು ಬಲಶಾಲಿಗಳಾದರೆ ಎಲ್ಲ ಆಟವೂ ಡ್ರಾ ಆಗಬೇಕಲ್ಲ? ಬೇಸರ ಬರುವುದಿಲ್ಲವೇ?

ಸುಮ್ಮನೆ ಬಿಟ್ಟರೆ ಡ್ರಾಗಳ ರಾಶಿಯೇ ಬೀಳುತ್ತದೆ. ಎಂಜಿನ್ ಬಳಸಲು ಅನುಮತಿಯಿರುವ ಅಂಚೆ ಚೆಸ್‌ನ ಮೇಲಿನ ಹಂತದ ಪಂದ್ಯಾವಳಿಗಳಲ್ಲಿ ಬಹುತೇಕ ಎಲ್ಲ ಆಟಗಳೂ ಹಾಗೇ ಮುಗಿಯುತ್ತವೆ. ಆದ್ದರಿಂದ ಆಡಿಸುವವರು ಬೇಕೆಂದೇ ಓರೆಯಾದ, ಅಂದರೆ ಒಂದು ಬಣ್ಣಕ್ಕೆ ಮೊದಲೇ ಮೇಲುಗೈ ಇರುವ ಆರಂಭಗಳನ್ನು ಕೊಡುತ್ತಾರೆ. 2010ರಲ್ಲಿ ಮಾರ್ಟಿನ್ ಥೋರೆಸೆನ್ ಆರಂಭಿಸಿದ ಟಿಸಿಇಸಿ ಎಂಬ ಎಂಜಿನ್ ಪಂದ್ಯಾವಳಿಯಲ್ಲೂ ಆರಂಭದ ನಡೆಗಳನ್ನು ಮನುಷ್ಯರೇ ಆರಿಸಿ ಕೊಡುತ್ತಾರೆ.

ಆರಿಸುವುದು ಸೂಕ್ಷ್ಮದ ಕೆಲಸ. ಒಂದೇ ಆರಂಭವನ್ನು ಬಣ್ಣ ಬದಲಿಸಿ ಎರಡು ಸಲ ಆಡಿಸಬೇಕು. ಓರೆ ಹೆಚ್ಚಾದರೆ ಎರಡು ಸಲವೂ ಬಿಳಿಯೇ ಗೆದ್ದು ಜೋಡಿ ಸಮವಾಗುತ್ತದೆ, ಕಡಿಮೆಯಾದರೆ ಎರಡೂ ಡ್ರಾ ಆಗಿ ಮತ್ತೆ ಸಮ. ಬಿಳಿಯಾಗಿ ಗೆದ್ದ ಎಂಜಿನ್ ಕಪ್ಪಾದಾಗ ಅದೇ ಸ್ಥಿತಿಯನ್ನು ಕಚ್ಚಿ ಹಿಡಿದು ಉಳಿಸಿಕೊಳ್ಳಬೇಕು, ಆಗ ಮಾತ್ರ ಇಬ್ಬರ ನಡುವಿನ ಅಂತರ ಕಾಣುತ್ತದೆ. ಸೋಲಿನ ಅಂಚಿನಲ್ಲಿ ನಿಂತರೂ ಸೋಲದ ಇಂಥ ಆರಂಭಗಳನ್ನು ಹುಡುಕಿ ಒಂದು ದಪ್ಪ ನೋಟ್‌ಪುಸ್ತಕ ತುಂಬಿಸಿದ್ದೇನೆ. ನನ್ನ ಬಳಿ ಇರುವ ಚೆಸ್ ಸಾಮಾನುಗಳಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಬೇರೊಂದಿಲ್ಲ.

ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಕಂಪ್ಯೂಟರ್ ಸುಟ್ಟುಹೋಗುವುದಿಲ್ಲವೇ?

ಸುಡುವುದಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡುತ್ತದೆ: ಸದ್ದಿಲ್ಲದೆ ನಿಧಾನವಾಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಸುವ ಸೀಮೆ ನಮ್ಮದು. ಹೊರಗೆ 43 ಡಿಗ್ರಿ ಇದ್ದಾಗ ಫ್ಯಾನು ತಿರುಗಿದರೂ ಸುರಿಯುವುದು ಬಿಸಿಗಾಳಿಯೇ. ಕೋಣೆಯ ಶಾಖ ಹದಿನೈದು ಡಿಗ್ರಿ ಏರಿದರೆ ಪ್ರೊಸೆಸರ್‌ನ ಶಾಖವೂ ಹೆಚ್ಚು ಕಡಿಮೆ ಅಷ್ಟೇ ಏರುತ್ತದೆ. 95 ಅಥವಾ 100 ಡಿಗ್ರಿ ಮುಟ್ಟುತ್ತಿದ್ದಂತೆ ಅದು ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ.

ಇದನ್ನು ನಾನು ಕಲಿತ ಬಗೆಯನ್ನು ಹೇಳಲೇಬೇಕು. ಒಂದು ಬೇಸಿಗೆಯಲ್ಲಿ ಸ್ಟಾಕ್‌ಫಿಶ್ ಮತ್ತು ಲೀಲಾ ನಡುವೆ ಹಗಲು ರಾತ್ರಿ ಪಂದ್ಯ ನಡೆಸುತ್ತಿದ್ದೆ. ರಾತ್ರಿ ಸ್ಟಾಕ್‌ಫಿಶ್ ಮುಂದೆ ಇರುತ್ತಿತ್ತು, ಮಧ್ಯಾಹ್ನದ ಆಟಗಳಲ್ಲಿ ಲೀಲಾ ಹಿಡಿದುಬಿಡುತ್ತಿತ್ತು. ಹಲವು ದಿನ ಹೀಗೇ ನಡೆಯಿತು. ‘ಲೀಲಾಗೆ ಮಧ್ಯಾಹ್ನ ಒಗ್ಗುತ್ತದೆ’ ಎಂದು ಮನೆಯವರಿಗೆಲ್ಲ ಹೇಳಿಕೊಂಡು ಓಡಾಡಿದೆ. ನಂತರ ಒಂದು ಸಂಜೆ ದಾಖಲೆಯಲ್ಲಿ ಸ್ಟಾಕ್‌ಫಿಶ್ ಸೆಕೆಂಡಿಗೆ ಎಷ್ಟು ಸ್ಥಿತಿಗಳನ್ನು ನೋಡುತ್ತಿದೆ ಎಂಬ ಅಂಕಣದ ಮೇಲೆ ಬೆರಳಿಟ್ಟು ಇಳಿಯುತ್ತ ಹೋದೆ. ಮಧ್ಯಾಹ್ನ ಎರಡರ ಹೊತ್ತಿಗೆ ಅದು ಅರ್ಧಕ್ಕೆ ಬಿದ್ದಿತ್ತು! ಸ್ಟಾಕ್‌ಫಿಶ್ ಓಡುವುದು ಪ್ರೊಸೆಸರ್ ಮೇಲೆ, ಲೀಲಾ ಲೆಕ್ಕ ಮಾಡುವುದು ಗ್ರಾಫಿಕ್ಸ್ ಕಾರ್ಡ್ ಮೇಲೆ. ಕಾರ್ಡ್‌ಗೆ ತನ್ನದೇ ಎರಡು ಫ್ಯಾನ್‌ಗಳಿದ್ದವು, ಪ್ರೊಸೆಸರ್‌ನ ಫ್ಯಾನಿನಲ್ಲಿ ಧೂಳು ಹತ್ತಿಯಂತೆ ಕೂತಿತ್ತು. ಲೀಲಾದ ಸ್ವಭಾವವೆಂದು ನಾನು ಹೊಗಳುತ್ತಿದ್ದದ್ದು ಕಲಬುರಗಿಯ ಬಿಸಿಲಾಗಿತ್ತು.

ಅಂದಿನಿಂದ ಬೇಸಿಗೆಯಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮಾತ್ರ ಆಡಿಸುತ್ತೇನೆ. ಯುಗಾದಿಗೂ ದೀಪಾವಳಿಗೂ ಫ್ಯಾನ್ ಬಿಚ್ಚಿ ಒರೆಸುತ್ತೇನೆ. ವಿದ್ಯುತ್ ಹೋದರೆ ಆಟ ಕಳೆಯದಂತೆ ಪ್ರತಿ ಆಟ ಮುಗಿದ ಕೂಡಲೇ ಕಡತ ಉಳಿಯುವ ವ್ಯವಸ್ಥೆ ಮಾಡಿದ್ದೇನೆ. ಹಗಲಿನಲ್ಲೇ ಆಡಿಸಬೇಕಾದಾಗ ನಡೆಗೆ ಇಷ್ಟು ಸೆಕೆಂಡು ಎನ್ನುವ ಬದಲು ಇಷ್ಟು ಸ್ಥಿತಿಗಳನ್ನು ನೋಡು ಎಂದು ಕಟ್ಟುಮಾಡುತ್ತೇನೆ. ಬಿಸಿಲು ಆಗ ಸಮಯವನ್ನು ತಿನ್ನಬಹುದು, ಆಟವನ್ನಲ್ಲ.

ಹತ್ತು ಆಟದಲ್ಲಿ ಏಳು ಗೆದ್ದಿದೆ. ಅದೇ ಬಲಶಾಲಿ ಎಂದು ಹೇಳಬಹುದಲ್ಲ?

ಹೇಳಬಾರದು. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಒಂದೇ ಮುಖ, ರಾಜನದೆಂದು ಇಟ್ಟುಕೊಳ್ಳಿ, ಏಳು ಅಥವಾ ಹೆಚ್ಚು ಸಲ ಬೀಳುವ ಸಂಭವ ನೂರಕ್ಕೆ 17. ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಎಲ್ಲರ ಕೈಗೂ ಒಂದೊಂದು ನಾಣ್ಯ ಕೊಟ್ಟರೆ ಐದು ನಿಮಿಷದಲ್ಲಿ ಯಾರಾದರೊಬ್ಬರು ಕೂಗುತ್ತಾರೆ.

ಅರ್ಧದಷ್ಟು ಆಟಗಳು ಡ್ರಾ ಆಗುವ ಪಂದ್ಯದಲ್ಲಿ 100 ಆಟ ಆಡಿಸಿದರೂ, ಆಟಗಾರರ ಬಲ ಅಳೆಯುವ ಎಲೊ ಅಂಕದ ಅಂದಾಜಿನಲ್ಲಿ ಹೆಚ್ಚುಕಡಿಮೆ 50ರಷ್ಟು ಆಚೀಚೆ ಉಳಿಯುತ್ತದೆ. 1,000 ಆಟಕ್ಕೆ ಅದು 15ಕ್ಕೆ ಇಳಿಯುತ್ತದೆ. ತಪ್ಪನ್ನು ಅರ್ಧ ಮಾಡಲು ಆಟಗಳನ್ನು ನಾಲ್ಕು ಪಟ್ಟು ಮಾಡಬೇಕು. ಬೇಸರದ ಗಣಿತ ಎಂದು ಅನೇಕರು ಮುಖ ತಿರುಗಿಸುತ್ತಾರೆ. ನನಗೆ ಮಾತ್ರ ತಾಳ್ಮೆಗೆ ಇಷ್ಟು ನಿಖರವಾದ ಬೆಲೆ ಕಟ್ಟಿದ ಲೆಕ್ಕ ಬೇರೆಲ್ಲೂ ಸಿಕ್ಕಿಲ್ಲ.

ಎಂಜಿನ್‌ಗೆ ಸ್ವಭಾವ ಇರುತ್ತದೆಯೇ, ಅಥವಾ ಅದು ನಿಮ್ಮ ಕಲ್ಪನೆಯೇ?

ಬಿಸಿಲಿನ ಕಥೆ ಕೇಳಿದ ಮೇಲೆ ನಿಮಗೆ ಅನುಮಾನ ಬಂದರೆ ತಪ್ಪಿಲ್ಲ. ಆದರೂ ಇರುತ್ತದೆ ಎನ್ನುತ್ತೇನೆ. 2017ರ ಡಿಸೆಂಬರ್‌ನಲ್ಲಿ ಗೂಗಲ್‌ನ ಡೀಪ್‌ಮೈಂಡ್ ಸಂಸ್ಥೆ ಪ್ರಕಟಿಸಿದ 100 ಆಟಗಳ ಪಂದ್ಯದಲ್ಲಿ, ತನ್ನೊಡನೆ ತಾನೇ ಆಡಿ ಕಲಿತ ಅದರ ಎಂಜಿನ್ ಆಲ್ಫಾಝೀರೋ ಸೆಕೆಂಡಿಗೆ ಸುಮಾರು 80 ಸಾವಿರ ಸ್ಥಿತಿಗಳನ್ನು ನೋಡುತ್ತಿತ್ತು, ಸ್ಟಾಕ್‌ಫಿಶ್ ಸುಮಾರು 7 ಕೋಟಿ. ಆಲ್ಫಾಝೀರೋ 28 ಗೆದ್ದಿತು, 72 ಡ್ರಾ, ಒಂದನ್ನೂ ಸೋಲಲಿಲ್ಲ. ಅಂಚಿನ ಪ್ಯಾದೆಯನ್ನು ಎದುರಾಳಿ ರಾಜನ ಕಡೆಗೆ ತಳ್ಳುತ್ತ ಹೋಗಿ ಅವನ ಉಸಿರು ಕಟ್ಟಿಸುವ ಅದರ ರೀತಿಯನ್ನು ಗ್ರ್ಯಾಂಡ್‌ಮಾಸ್ಟರ್‌ಗಳೇ ಕುಳಿತು ಅಭ್ಯಾಸ ಮಾಡಿದರು.

ಆ ದಾರಿಯಲ್ಲೇ 2018ರಲ್ಲಿ ಸ್ವಯಂಸೇವಕರು ಬೆಳೆಸಿದ್ದು ಲೀಲಾ. ಕಾಯಿ ಕಳೆದುಕೊಂಡು ಎದುರಾಳಿಯನ್ನು ಮೂಲೆಗೆ ಒತ್ತುವುದು ಅದಕ್ಕೆ ಪ್ರಿಯ. ಆದರೆ ಕೆಲವೊಮ್ಮೆ ನಾಲ್ಕು ನಡೆಯ ಸರಳ ಹೊಡೆತ ಅದರ ಕಣ್ಣಿಗೆ ಬೀಳುವುದಿಲ್ಲ. ಸ್ಟಾಕ್‌ಫಿಶ್‌ನ ಕಣ್ಣನ್ನು ಅಂಥದ್ದು ತಪ್ಪುವುದು ತೀರ ಅಪರೂಪ. ಸ್ಟಾಕ್‌ಫಿಶ್ ಕೂಡ 2020ರಲ್ಲಿ 12ನೇ ಆವೃತ್ತಿಯೊಂದಿಗೆ ಸಣ್ಣದೊಂದು ನರಜಾಲವನ್ನು (ಆಟಗಳಿಂದ ಕಲಿತು ಸ್ಥಿತಿಯನ್ನು ಅಳೆಯುವ ಲೆಕ್ಕದ ಬಲೆ) ಒಳಗೆ ಕೂರಿಸಿಕೊಂಡಿತು. ಅದರ ಮೂಲ ಜಪಾನಿನ ಶೋಗಿ ಆಟಕ್ಕಾಗಿ 2018ರಲ್ಲಿ ಯು ನಾಸು ರೂಪಿಸಿದ ವಿಧಾನ. ಅಂದಿನಿಂದ ಇಬ್ಬರ ನಡೆಗಳು ಹತ್ತಿರ ಬಂದಿವೆ. ಹಳೆಯ 8ನೇ ಆವೃತ್ತಿಯನ್ನು ನಾನು ಇನ್ನೂ ಅಳಿಸಿಲ್ಲ, ಆ ಒರಟುತನ ಬೇಕೆನಿಸಿದಾಗ ಅದನ್ನೇ ಎಬ್ಬಿಸುತ್ತೇನೆ.

## ಕಠಿಣವಾದವು

ಬರೆದವರಿಗೆ ಗೊತ್ತಿಲ್ಲದ್ದು ಆಡಿಸುವವರಿಗೆ ಗೊತ್ತಿರಲು ಸಾಧ್ಯವೇ?

ಸಾಧ್ಯ. ನಮ್ಮ ತೊಗರಿಯನ್ನೇ ನೋಡಿ. ಸೊರಗು ರೋಗ ತಡೆದುಕೊಳ್ಳುವ ‘ಮಾರುತಿ’ ತಳಿಯನ್ನು ಆರಿಸಿ ಕೊಟ್ಟವರು ವಿಜ್ಞಾನಿಗಳು. ಯಾವ ಹೊಲದ ಎರೆಯಲ್ಲಿ ಅದು ಹೇಗೆ ನಿಲ್ಲುತ್ತದೆ, ಮಳೆ ಎಂಟು ದಿನ ತಡವಾದರೆ ಏನಾಗುತ್ತದೆ ಎಂಬುದು ಬಿತ್ತಿದವನಿಗೆ ಗೊತ್ತು. ಒಬ್ಬರ ತಿಳಿವಳಿಕೆ ಇನ್ನೊಬ್ಬರದನ್ನು ಸಣ್ಣದು ಮಾಡುವುದಿಲ್ಲ.

ಚೆಸ್‌ನಲ್ಲಿ ಇದಕ್ಕೆ ದೊಡ್ಡ ಸಾಕ್ಷಿ 2005ರ ಫ್ರೀಸ್ಟೈಲ್ ಪಂದ್ಯಾವಳಿ. ಮನುಷ್ಯರು, ಕಂಪ್ಯೂಟರ್‌ಗಳು, ಯಾವ ಜೋಡಿಯಾದರೂ ಸರಿ ಎಂಬುದು ಅದರ ನಿಯಮ. ಗ್ರ್ಯಾಂಡ್‌ಮಾಸ್ಟರ್‌ಗಳಿದ್ದ ತಂಡಗಳನ್ನು ದಾಟಿ ಗೆದ್ದವರು ಅಮೆರಿಕದ ಇಬ್ಬರು ಹವ್ಯಾಸಿಗಳು, ಸ್ಟೀವನ್ ಕ್ರ್ಯಾಮ್ಟನ್ ಮತ್ತು ಝಕರಿ ಸ್ಟೀಫನ್. ಅವರು ಯಾವ ಎಂಜಿನ್ ಅನ್ನೂ ಬರೆದಿರಲಿಲ್ಲ. ಮೂರು ಸಾಧಾರಣ ಕಂಪ್ಯೂಟರ್‌ಗಳನ್ನು ಇಟ್ಟುಕೊಂಡು ಯಾವ ಸ್ಥಿತಿಯಲ್ಲಿ ಯಾವ ಎಂಜಿನ್‌ನ ಮಾತು ಕೇಳಬೇಕು, ಯಾವಾಗ ಇನ್ನಷ್ಟು ಆಳಕ್ಕೆ ಇಳಿಸಬೇಕು ಎಂಬುದನ್ನು ಬಲ್ಲವರಾಗಿದ್ದರು. ಇಂದಿನ ಎಂಜಿನ್‌ಗಳ ಮುಂದೆ ಮನುಷ್ಯನ ಸಲಹೆಗೆ ಆ ಬೆಲೆ ಉಳಿದಿಲ್ಲ ಎಂಬುದನ್ನೂ ಒಪ್ಪುತ್ತೇನೆ.

ಬರೆದವರು, ಬರೆದವರು ಎನ್ನುತ್ತೀರಲ್ಲ, ಸ್ಟಾಕ್‌ಫಿಶ್‌ನ ಸೃಷ್ಟಿಕರ್ತ ಯಾರು?

ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ ಪ್ರಶ್ನೆ ಇದು. ನಾರ್ವೆಯ ಟೋರ್ಡ್ ರೋಮ್‌ಸ್ಟಾಡ್ ಗ್ಲೌರುಂಗ್ ಎಂಬ ಎಂಜಿನ್ ಬರೆದು ಎಲ್ಲರಿಗೂ ತೆರೆದಿಟ್ಟರು. 2008ರಲ್ಲಿ ಇಟಲಿಯ ಮಾರ್ಕೊ ಕೋಸ್ಟಾಲ್ಬಾ ಅದನ್ನು ಎತ್ತಿಕೊಂಡು ತಿದ್ದಿದರು. ನಾರ್ವೆಯಲ್ಲಿ ಒಣಗಿಸಿ ಇಟಲಿಯಲ್ಲಿ ಬೇಯಿಸುವ ಮೀನಿನ ಹೆಸರನ್ನೇ ಇಟ್ಟರು. ಅಂದರೆ ಸ್ಟಾಕ್‌ಫಿಶ್ ಹುಟ್ಟಿದ್ದೇ ಒಬ್ಬರು ಇನ್ನೊಬ್ಬರ ಎಂಜಿನ್ ಅನ್ನು ಪ್ರೀತಿಯಿಂದ ಕೈಗೆತ್ತಿಕೊಂಡದ್ದರಿಂದ. 2013ರಲ್ಲಿ ಗ್ಯಾರಿ ಲಿನ್ಸ್‌ಕಾಟ್ ಫಿಶ್‌ಟೆಸ್ಟ್ ಆರಂಭಿಸಿದ ಮೇಲೆ ಪ್ರತಿಯೊಂದು ತಿದ್ದುಪಡಿಯೂ ಸಾವಿರಾರು ಆಟಗಳ ಪರೀಕ್ಷೆ ದಾಟಬೇಕು. ಆ ಆಟಗಳನ್ನು ಆಡಿಸುವುದು ಜಗತ್ತಿನ ಸ್ವಯಂಸೇವಕರ ಮನೆಯ ಕಂಪ್ಯೂಟರ್‌ಗಳು. ಚಳಿಗಾಲದಲ್ಲಿ ನನ್ನದೂ ಅದರಲ್ಲಿ ಸೇರುತ್ತದೆ. ಒಂದು ಸಾಲನ್ನೂ ಬರೆಯದೆ ಅದರ ಬೆಳವಣಿಗೆಯಲ್ಲಿ ಕಡಲೆಯಷ್ಟು ಪಾಲು ನನ್ನದೂ ಇದೆ ಎಂದುಕೊಂಡರೆ ಅದು ಸುಳ್ಳಲ್ಲ.

ಹಾಗಾದರೆ ಹೆಸರು ಬದಲಿಸಿ ನನ್ನದು ಎಂದುಕೊಂಡರೆ ಏನು ತಪ್ಪು?

ಅದು ಕಳವು. ಆಡಿಸುವವನ ಮರ್ಯಾದೆ ಇರುವುದೇ ಬರೆದವರ ಹೆಸರನ್ನು ಸರಿಯಾಗಿ ಹೇಳುವುದರಲ್ಲಿ. 2011ರಲ್ಲಿ ಅಂತಾರಾಷ್ಟ್ರೀಯ ಕಂಪ್ಯೂಟರ್ ಆಟಗಳ ಸಂಘವು ರೈಬ್ಕಾ ಎಂಜಿನ್‌ನಲ್ಲಿ ಬೇರೆಯವರ ಕೋಡ್ ಇದೆ ಎಂದು ತೀರ್ಮಾನಿಸಿ ಅದರ ವಿಶ್ವ ಪ್ರಶಸ್ತಿಗಳನ್ನು ಕಿತ್ತುಕೊಂಡಿತು. ಆ ತೀರ್ಪಿನ ಬಗ್ಗೆ ವಾದ ಇನ್ನೂ ಇದೆ. ಸ್ಟಾಕ್‌ಫಿಶ್ ಬಳಗ ತನ್ನ ಪರವಾನಗಿಯ ಉಲ್ಲಂಘನೆಗಾಗಿ 2021ರಲ್ಲಿ ಚೆಸ್ ಸಾಫ್ಟ್‌ವೇರ್ ಮಾರುವ ಚೆಸ್‌ಬೇಸ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು, 2022ರಲ್ಲಿ ರಾಜಿಯಾಯಿತು. ಜಿಪಿಎಲ್ ಎಂಬ ಆ ಪರವಾನಗಿ ಹಂಚುವುದನ್ನು, ಮಾರುವುದನ್ನು ಕೂಡ ತಡೆಯುವುದಿಲ್ಲ. ಮೂಲ ಕೋಡನ್ನು ಮುಚ್ಚಿಡಬಾರದು ಎನ್ನುತ್ತದೆ.

ಪಂದ್ಯದಲ್ಲಿ ಎಂಜಿನ್ ನೋಡಿ ಆಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಎದುರು ಕೂತವರಿಗೆ ಗೊತ್ತಿದೆಯೇ ಎಂಬುದು. 1998ರಲ್ಲಿ ಸ್ಪೇನಿನ ಲಿಯೋನ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳಾದ ಕಾಸ್ಪರೋವ್ ಮತ್ತು ಟೊಪಾಲೊವ್ ಇಬ್ಬರೂ ಪಕ್ಕದಲ್ಲಿ ಕಂಪ್ಯೂಟರ್ ಇಟ್ಟುಕೊಂಡೇ ಆಡಿ 3-3ರಲ್ಲಿ ಸಮ ಮಾಡಿಕೊಂಡರು. ಅದು ಆಟ. ಶೌಚಾಲಯದಲ್ಲಿ ಮೊಬೈಲ್ ತೆರೆದು ನೋಡಿ ಬಂದು ನಡೆ ಇಡುವುದು ಮೋಸ. ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳುತ್ತೇನೆ, ಎರಡನೇ ಅವಕಾಶ ಕೊಡುವುದಿಲ್ಲ.

ಇಷ್ಟು ಪ್ರೀತಿ ಇದ್ದರೆ ನೀವೇ ಒಂದು ಎಂಜಿನ್ ಏಕೆ ಬರೆಯಬಾರದು?

ಬರೆದಿದ್ದೇನೆ. ಎಂಜಿನ್ ಬರೆಯುವವರು ಮೊದಲು ನಡೆಗಳ ಎಣಿಕೆ ಸರಿಯಿದೆಯೇ ಎಂದು ನೋಡಬೇಕು. ಆರಂಭದ ಸ್ಥಿತಿಯಿಂದ ಒಂದು ನಡೆಗೆ 20 ದಾರಿ, ಎರಡಕ್ಕೆ 400, ಮೂರಕ್ಕೆ 8,902, ನಾಲ್ಕಕ್ಕೆ 1,97,281. ನನ್ನದು ಇಷ್ಟೂ ಸರಿ ಹೇಳಿತು. ನಂತರ ಎಲ್ಲರೂ ಬಳಸುವ ಇನ್ನೊಂದು ಕಠಿಣ ಸ್ಥಿತಿ ಕೊಟ್ಟೆ. ಅಲ್ಲಿ 48, 2,039, 97,862 ಬಂದವು, ನಾಲ್ಕನೆಯದು 40,85,603 ಆಗಬೇಕಿತ್ತು, ಆಗಲಿಲ್ಲ. ಹನ್ನೊಂದು ದಿನ ಹುಡುಕಿದೆ. ಕುದುರೆ ಬಂದು ಮೂಲೆಯ ಆನೆಯನ್ನು ಹೊಡೆದ ಮೇಲೂ ಆ ಕಡೆಗೆ ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಡಬಹುದೆಂದು ನನ್ನ ಪ್ರೋಗ್ರಾಂ ತಿಳಿದಿತ್ತು. ತಿದ್ದಿದೆ. ಸಂಖ್ಯೆ ಹೊಂದಿದ ರಾತ್ರಿ ಒಬ್ಬನೇ ಎದ್ದು ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದೆ.

ಆಮೇಲೆ ಅದನ್ನು ಬೇರೆ ಎಂಜಿನ್‌ಗಳ ಎದುರು ಆಡಲು ಬಿಟ್ಟೆ. ಅಲ್ಲಿ ನನಗೆ ಒಂದು ಸಂಗತಿ ತಿಳಿಯಿತು. ನನ್ನ ಎಂಜಿನ್ ಕುದುರೆಯನ್ನು ಬಲಿಕೊಟ್ಟಾಗ ನಾನು ಬೆರಗಾಗಲಿಲ್ಲ, ಎಲ್ಲಿ ಕೋಡ್ ತಪ್ಪಿದೆಯೋ ಎಂದು ಹೆದರಿದೆ. ಅದು ಚೆನ್ನಾಗಿ ಆಡಿದಾಗಲೂ ಯಾವ ಸಾಲಿನಿಂದ ಆ ನಡೆ ಬಂತು ಎಂದು ಹುಡುಕಿದೆ. ಮಣೆ ಕಣ್ಣಿಗೆ ಬೀಳಲೇ ಇಲ್ಲ. ಬರೆದವರ ಸುಖ ಬೇರೆ, ಅದು ದೊಡ್ಡದು, ಆ ಹನ್ನೊಂದು ದಿನಗಳನ್ನು ಯಾರಿಗೂ ಬಿಟ್ಟುಕೊಡಲಾರೆ. ಆದರೆ ಬೇರೆಯವರ ಎಂಜಿನ್ ಅದೇ ಕುದುರೆಯನ್ನು ಬಲಿಕೊಟ್ಟಾಗ ಮಾತ್ರ ನಾನು ಕುರ್ಚಿ ಎಳೆದುಕೊಂಡು, ಆ ಹುಡುಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮುಂದೇನಾಗುತ್ತದೆ ಎಂದು ನೋಡಲು ಸಾಧ್ಯವಾಗುತ್ತದೆ. ಅವನು ಈಗ ಕಿಂಗ್ಸ್ ಗ್ಯಾಂಬಿಟ್ ಬಿಟ್ಟಿದ್ದಾನೆ. ಈ ವಾರ ಎವಾನ್ಸ್ ಗ್ಯಾಂಬಿಟ್‌ನ ಪ್ರಶ್ನೆ ತಂದಿದ್ದಾನೆ, ರಾತ್ರಿ ಹತ್ತಕ್ಕೆ ಹಚ್ಚಬೇಕು.